ವಿಡಿಯೊದಲ್ಲಿ ಕಾಗುಣಿತ ತಪ್ಪಿದರೆ

ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಮನೆಗೆ ಬಂದಾಗ ದೃಶ್ಯ, ಹಾಡು ಎಲ್ಲ ಚೆನ್ನಾಗಿಯೇ ಇರುತ್ತವೆ. ತೆರೆಯ ಮೇಲೆ ಅಕ್ಷರಗಳು ಮೂಡಿದಾಗಲೇ ಎಡವಟ್ಟು. ಗಟ್ಟಿಮುಟ್ಟಾಗಿರುವ ಅಜ್ಜನ ಹೆಸರಿಗೆ ಮೊದಲು ‘ದಿ.’ ಎಂದು ಸೇರಿಕೊಂಡಿರುತ್ತದೆ. ಅರವತ್ತರ ಶಾಂತಿಯ ವಿಡಿಯೊದಲ್ಲಿ ‘ಷಷ್ಟ್ಯಬ್ದಿ’ ಎಂದಿರಬೇಕಾದ ಕಡೆ ‘ಷಷ್ಠ್ಯಬ್ದಿ’ ಎಂದಿರುತ್ತದೆ. ಸಂಸ್ಕೃತದಲ್ಲಿ ‘ಷಷ್ಟಿ’ ಎಂದರೆ ಅರವತ್ತು, ‘ಷಷ್ಠಿ’ ಎಂದರೆ ಆರನೆಯದು. ಒಂದೇ ಒಂದು ಮಹಾಪ್ರಾಣ 54 ವರ್ಷಗಳನ್ನು ನುಂಗಿಬಿಟ್ಟಿತು!

‘ಹೋಗಲಿ ಬಿಡಿ’ ಎನ್ನಬಹುದು. ಆದರೆ ಮೂವತ್ತು ವರ್ಷಗಳ ನಂತರ ಅದನ್ನು ನೋಡುವ ಮೊಮ್ಮಕ್ಕಳಿಗೆ ‘ಅದು ತಪ್ಪು’ ಎಂದು ಹೇಳಲು ಯಾರೂ ಇರಲಿಕ್ಕಿಲ್ಲ. ಆಗ ತೆರೆಯ ಮೇಲೆ ಬರೆದಿರುವುದೇ ಮನೆತನದ ದಾಖಲೆ. ಆದ್ದರಿಂದ ತಿದ್ದುವುದು ಹೇಗೆಂದು ತಿಳಿದಿರುವುದು ಒಳ್ಳೆಯದು.

<b>ಅಕ್ಷರ ಚಿತ್ರವಾದಾಗ</b>

ಪತ್ರದಲ್ಲಿ ಅಕ್ಷರ ತಿದ್ದುವಂತೆ ವಿಡಿಯೊದಲ್ಲಿ ಏಕೆ ತಿದ್ದಲಾಗದು? ಸಂಕಲನ ನಡೆಯುವಾಗ ಅಕ್ಷರಗಳು ದೃಶ್ಯದ ಮೇಲೆ ಬೇರೆಯೇ ಪದರದಲ್ಲಿರುತ್ತವೆ. ಕೆಲಸ ಮುಗಿಸಿ ಫೈಲು ತೆಗೆದಾಗ ಎರಡೂ ಬೆರೆತು ಒಂದೇ ಚಿತ್ರವಾಗುತ್ತವೆ. 1920×1080 ಅಳತೆಯ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳಾದರೆ, ಐದು ಸೆಕೆಂಡು ನಿಲ್ಲುವ ಹೆಸರೊಂದು 125 ಚಿತ್ರಗಳಲ್ಲಿ ಅಚ್ಚಾಗಿರುತ್ತದೆ. ಅಲ್ಲಿರುವುದು ‘ಅ’ ಅಲ್ಲ, ‘ಕ’ ಅಲ್ಲ. ಬರೀ ಬಣ್ಣದ ಚುಕ್ಕೆಗಳು. ಕರಿಹಲಗೆ ಒರೆಸಿದರೆ ಕೆಳಗೆ ಹಲಗೆ ಇರುತ್ತದೆ. ಇಲ್ಲಿ ಅಕ್ಷರ ಒರೆಸಿದರೆ ಕೆಳಗೆ ಏನೂ ಇರುವುದಿಲ್ಲ.

ಹೀಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ‘ಪ್ರಾಜೆಕ್ಟ್ ಫೈಲ್ ಇದೆಯೇ?’ ಎಂಬುದು. ಯಾವ ತುಣುಕು ಎಲ್ಲಿ, ಯಾವ ಅಕ್ಷರ ಎಷ್ಟು ಹೊತ್ತು ಎಂಬ ಸೂಚನೆಗಳಷ್ಟೇ ಅದರಲ್ಲಿರುತ್ತವೆ. ಮೂಲ ಚಿತ್ರೀಕರಣವೂ ಜೊತೆಗಿರಬೇಕು. ಎರಡೂ ಇದ್ದರೆ ಅಕ್ಷರ ತಿದ್ದಿ ಹೊಸ ಫೈಲು ತೆಗೆದರಾಯಿತು. ಸ್ಟುಡಿಯೊದವರು ಜಾಗ ಸಾಲದೆ ಹಳೆಯದನ್ನು ಅಳಿಸುತ್ತಿರುತ್ತಾರೆ. ಆದ್ದರಿಂದ ತಡಮಾಡದೆ ಕೇಳಬೇಕು.

<b>ಮೂಲ ಇಲ್ಲದಿದ್ದರೆ</b>

ಆಗಲೂ ದಾರಿಗಳಿವೆ. ಶಾಟ್‌ಕಟ್, ಕೆಡೆನ್‌ಲೈವ್‌ನಂತಹ ಉಚಿತ ತಂತ್ರಾಂಶಗಳಲ್ಲೇ ಇವುಗಳನ್ನು ಮಾಡಬಹುದು.

ಒಂದು, ತಪ್ಪು ಹೆಸರು ಬರಿಯ ಬಣ್ಣದ ಹಿನ್ನೆಲೆಯ ಮೇಲಿದ್ದರೆ ಆ ಕೆಲವು ಸೆಕೆಂಡುಗಳ ದೃಶ್ಯವನ್ನೇ ತೆಗೆದು, ಅಷ್ಟೇ ಅವಧಿಯ ಹೊಸದನ್ನು ಕೂರಿಸುವುದು. ಧ್ವನಿಯನ್ನು ಮುಟ್ಟಬಾರದು.

ಎರಡು, ನಡೆಯುತ್ತಿರುವ ದೃಶ್ಯದ ಮೇಲೆ ಅಕ್ಷರವಿದ್ದರೆ ಅದರ ಮೇಲೊಂದು ಬಣ್ಣದ ಪಟ್ಟಿ ಹಾಸಿ ಸರಿಯಾದುದನ್ನು ಬರೆಯುವುದು. ಪಟ್ಟಿ ಗಿಡ್ಡವಾದರೆ ಹಳೆಯ ಅಕ್ಷರದ ಒತ್ತು ಕೆಳಗಿನಿಂದ ಇಣುಕುತ್ತದೆ!

ಮೂರು, ತಪ್ಪು ತೆರೆಯ ಅಂಚಿನಲ್ಲಿದ್ದರೆ ಆ ಭಾಗ ಹೊರಹೋಗುವಂತೆ ದೃಶ್ಯವನ್ನು ಹಿಗ್ಗಿಸುವುದು. ಕೆಳಗಿನ ಹತ್ತರಲ್ಲೊಂದು ಭಾಗ ಬಿಟ್ಟರೆ 1080 ಸಾಲುಗಳಲ್ಲಿ 972 ಉಳಿಯುತ್ತವೆ. ಸುಮಾರು ಶೇಕಡ 11ರಷ್ಟು ಹಿಗ್ಗಿಸಿದರೆ ತೆರೆ ತುಂಬುತ್ತದೆ. ಆದರೆ ಪಕ್ಕಗಳಲ್ಲೂ ಅಷ್ಟಿಷ್ಟು ಹೋಗುವುದರಿಂದ ಅಂಚಿನಲ್ಲಿ ನಿಂತವರ ತಲೆ ಎಣಿಸಿಕೊಳ್ಳಿ.

ಒಂದು ಎಚ್ಚರಿಕೆ. ಗಾತ್ರ ಕುಗ್ಗಿಸುವ ಸಲುವಾಗಿ ವಿಡಿಯೊ ಫೈಲು ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಡುತ್ತದೆ. ಮತ್ತೆ ಮತ್ತೆ ಹೀಗೆ ಉಳಿಸಿದರೆ ಚಿತ್ರ ಸವೆಯುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ತಿದ್ದಬೇಡಿ. ಇರುವುದರಲ್ಲಿ ಉತ್ತಮವಾದ ಪ್ರತಿ ಹಿಡಿದು, ಎಲ್ಲ ತಪ್ಪುಗಳನ್ನೂ ಒಂದೇ ಸಲ ತಿದ್ದಿ. ಮೂಲ ಪ್ರತಿ ಹಾಗೆಯೇ ಇರಲಿ.

<b>ಒತ್ತಕ್ಷರದ ಗೋಳು</b>

ತಿದ್ದಲು ಹೋದವರಿಗೆ ಕನ್ನಡದ ಒತ್ತಕ್ಷರ ಹೊಸ ತೊಡಕಾಗಬಹುದು. ‘ಲಕ್ಷ್ಮಮ್ಮ’ ಎಂದು ಬರೆದರೆ ಕೆಲವು ತಂತ್ರಾಂಶಗಳು ‘ಲಕ್‌ಷ್‌ಮಮ್‌ಮ’ ಎಂದು ಮುರಿದು ತೋರಿಸುತ್ತವೆ. ಯುನಿಕೋಡ್‌ನಲ್ಲಿ ‘ಮ್ಮ’ ಎಂಬುದಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಮ, ವಿರಾಮ ಚಿಹ್ನೆ, ಮ ಎಂಬ ಮೂರು ಸಂಕೇತಗಳನ್ನು ಕೂಡಿಸಿ ಒತ್ತು ಮೂಡಿಸುವ ಕೆಲಸ ತಂತ್ರಾಂಶದ್ದು. ಅದಕ್ಕೆ ಬಾರದಿದ್ದರೆ ಹೆಸರು ಚೂರುಚೂರು. ಉಪಾಯ ಸರಳ: ಕನ್ನಡ ಸರಿಯಾಗಿ ಮೂಡುವ ಬೇರೊಂದು ತಂತ್ರಾಂಶದಲ್ಲಿ ಹೆಸರು ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನು ವಿಡಿಯೊದ ಮೇಲೆ ಕೂರಿಸಬಹುದು.

ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳದು ಬೇರೆ ಮಾತು. ಮೊದಲು ಅವುಗಳನ್ನು ಡಿಜಿಟಲ್ ರೂಪಕ್ಕೆ ತಂದುಕೊಳ್ಳಿ. ಗತಿಸಿದವರ ಮುಖ, ದನಿ ಇರುವ ಏಕೈಕ ದೃಶ್ಯದ ಮೇಲೆ ಪಟ್ಟಿ ಹಾಸಲು ಮನಸ್ಸು ಬಾರದಿದ್ದರೆ, ‘ಎಸ್‌ಆರ್‌ಟಿ’ ಎಂಬ ಅಡಿಬರಹದ ಫೈಲು ಮಾಡಬಹುದು. ಯಾವ ಸೆಕೆಂಡಿಗೆ ಯಾವ ಮಾತು ಎಂದು ಬರೆದ ಸಾದಾ ಬರಹ ಅದು. ವಿಡಿಯೊದ ಹೆಸರನ್ನೇ ಅದಕ್ಕೂ ಕೊಟ್ಟು ಪಕ್ಕದಲ್ಲಿಟ್ಟರೆ ವಿಎಲ್‌ಸಿಯಂಥ ತಂತ್ರಾಂಶ ಎರಡನ್ನೂ ಕೂಡಿಸಿ ತೋರಿಸುತ್ತದೆ. ಇಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುವುದರಿಂದ ಯಾವಾಗ ಬೇಕಾದರೂ ತಿದ್ದಬಹುದು.

ಹೊಸ ವಿಡಿಯೊ ಮಾಡಿಸುವವರಿಗೆ ಇಷ್ಟು ಪಾಡು ಬೇಕಿಲ್ಲ. ತೆರೆಯ ಮೇಲೆ ಬರಬೇಕಾದ ಎಲ್ಲ ಹೆಸರು, ದಿನಾಂಕಗಳನ್ನೂ ಒಂದು ಹಾಳೆಯಲ್ಲಿ ಬರೆದು, ಬಂಧುಬಳಗವನ್ನು ಬಲ್ಲ ಹಿರಿಯರೊಬ್ಬರಿಂದ ಓದಿಸಿ ಕೊಡಿ. ಹಣದ ಕೊನೆಯ ಕಂತು ಕೊಡುವ ಮುನ್ನ ವಿಡಿಯೊವನ್ನು ಪೂರ್ತಿ ನೋಡಿ. ಪ್ರಾಜೆಕ್ಟ್ ಫೈಲನ್ನೂ ಮೂಲ ಚಿತ್ರೀಕರಣವನ್ನೂ ಕೇಳಿ ಪಡೆದು, ಮದುವೆಯ ಆಲ್ಬಮ್ಮಿನ ಜೊತೆಯಲ್ಲೇ ಬೀರುವಿನಲ್ಲಿಡಿ.