ಶಿಲೆಗಳ ಪೂರ್ವಾಪರನಿರ್ಣಯ

ಗ್ರಂಥಗಳ ಕಾಲವಿಚಾರದಲ್ಲಿ ಒಂದು ನಿಯಮವು ಸರ್ವಸಮ್ಮತವಾದುದು: ಉದ್ಧೃತವಾದ ಕೃತಿಯು ಉದ್ಧರಿಸಿದ ಕೃತಿಗಿಂತ ಪ್ರಾಚೀನ. ವಿಶ್ವವಿದ್ಯಾನಿಲಯಗಳ ಭೂಗರ್ಭಶಾಸ್ತ್ರ ವಿಭಾಗಗಳಲ್ಲಿ ವಿದ್ಯಾರ್ಥಿಗೆ ಮೊದಲು ಬೋಧಿಸುವ ಸೂತ್ರಗಳೂ ಇದೇ ಜಾತಿಯವು. ಒಂದು ಶಿಲೆಯಲ್ಲಿ ಮತ್ತೊಂದರ ತುಂಡು ಹುದುಗಿದ್ದರೆ ಆ ತುಂಡೇ ಪ್ರಾಚೀನ. ಒಂದನ್ನು ಮತ್ತೊಂದು ಸೀಳಿಕೊಂಡು ಒಳಹೊಕ್ಕಿದ್ದರೆ ಒಳಹೊಕ್ಕುದೇ ಅರ್ವಾಚೀನ. ಸೂತ್ರಗಳು ಸುಲಭ, ಅವುಗಳ ವಿನಿಯೋಗವು ಎಷ್ಟು ಕಷ್ಟವೆಂಬುದಕ್ಕೆ ಕನ್ನಡನಾಡಿನ ನೆಲವೇ ನಿದರ್ಶನವಾಗಿದೆ.

ಈ ನಾಡಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪುರಾತನ ಶಿಲೆಗಳುಂಟು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಂತಹ, ಪಟ್ಟೆಪಟ್ಟೆಯಾದ ನೈಸ್ ಶಿಲೆಯು ಒಂದು. ಪದರಪದರವಾದ ಶಿಸ್ಟ್ ಶಿಲೆಯು ಇನ್ನೊಂದು. ರಾಬರ್ಟ್ ಬ್ರೂಸ್ ಫುಟ್ಟರು 1880ರ ದಶಕದಲ್ಲಿ ಶಿಸ್ಟ್ ಪಟ್ಟಿಗಳಿಗೆ 'ಧಾರವಾಡ' ಎಂಬ ಹೆಸರನ್ನಿತ್ತು, ಅವು ನೈಸಿನ ಮೇಲೆ ನಿಕ್ಷಿಪ್ತವಾದುವೆಂದು ಪ್ರತಿಪಾದಿಸಿದರು. 1894ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆಯ ಸ್ಮೀತರ ಪಕ್ಷವು ಇದಕ್ಕೆ ವಿರುದ್ಧವಾದುದು: ನೈಸ್ ಶಿಲೆಯೇ ಶಿಸ್ಟನ್ನು ಭೇದಿಸಿ ಒಳನುಗ್ಗಿದೆ, ಆದಕಾರಣ ಶಿಸ್ಟೇ ಆದ್ಯವಾದುದು. ಬಾಬಾಬುಡನ್ ಗಿರಿಪ್ರಾಂತದ ಕಲ್ದುರ್ಗದಲ್ಲಿ ಧಾರವಾಡ ಶಿಲೆಯೊಳಗೆ ನೈಸಿನ ಉರುಟುಗಲ್ಲುಗಳು ಹುದುಗಿರುವುವು. ಇಂತಹ ಉರುಟುಗಲ್ಲಿನ ಶಿಲೆಗಳನ್ನು ಆ ಪಕ್ಷದವರು ಜಲಪ್ರವಾಹದ ಕಾರ್ಯವೆಂದೊಪ್ಪದೆ, ಭೂಚಲನೆಯಿಂದ ಶಿಲೆಯೇ ನುಗ್ಗಾಗಿ ಆದುವೆಂದು ವ್ಯಾಖ್ಯಾನಿಸಿದರು.

ಇಂತಹ ಸಂಶಯಗಳನ್ನು ಬಿಡಿಸುವುದೇ ಸಂಶೋಧಕನ ಕಾರ್ಯ. ಅವನು ಸುತ್ತಿಗೆ, ದಿಕ್ಸೂಚಿಗಳೊಡನೆ ನಡೆದು ಶಿಲೆಗಳ ಎಲ್ಲೆಗಳನ್ನು ಭೂಪಟದಲ್ಲಿ ಗುರುತಿಸುವನು; ಕಲ್ಲನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ತೇಯ್ದು, ಬೆಳಕು ಹಾಯುವಂತೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಅದರ ಖನಿಜಗಳನ್ನು ಪರೀಕ್ಷಿಸುವನು. ಜಿರ್ಕಾನ್ ಎಂಬ ಖನಿಜದ ಕಣದಲ್ಲಿ ಯುರೇನಿಯಂ ಧಾತುವು ನಿಯತವೇಗದಿಂದ ಸೀಸವಾಗುತ್ತಿರುವುದು. ಯುರೇನಿಯಂ–238ರ ಅರ್ಧಾಂಶವು ಹೀಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷಗಳು ಬೇಕು. ಇವೆರಡರ ಪ್ರಮಾಣವನ್ನು ಅಳೆದರೆ ಕಣದ ವಯಸ್ಸು ತಿಳಿಯುವುದು.

1970ರ ದಶಕದಲ್ಲಿ ಸ್ವಾಮಿನಾಥ್, ರಾಮಕೃಷ್ಣನ್ ಮೊದಲಾದವರು 'ಧಾರವಾಡ'ವೆಂದು ಕರೆಯಲ್ಪಡುತ್ತಿದ್ದುದು ಒಂದಲ್ಲ, ಎರಡೆಂದು ವಿಂಗಡಿಸಿದರು. ನೈಸಿನೊಳಗೆ ತುಂಡುತುಂಡಾಗಿ ಸಿಕ್ಕಿರುವ ಸರಗೂರು ಶಿಲಾಸಮೂಹವು 300 ಕೋಟಿ ವರ್ಷಗಳಿಗೂ ಹಿಂದಿನದು. ನೈಸಿನ ಮೇಲೆ ನಿಕ್ಷಿಪ್ತವಾದ ನಿಜವಾದ ಧಾರವಾಡವು ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದಿನದು.

ಹೀಗೆ ಉಭಯಪಕ್ಷಗಳ ಪ್ರಧಾನದರ್ಶನವೂ ಸತ್ಯವೇ ಆಗಿದ್ದಿತು. ದೋಷವಿದ್ದುದು ಭಿನ್ನವಾದ ಎರಡು ವಸ್ತುಗಳಿಗೆ ಒಂದೇ ನಾಮವನ್ನಿತ್ತುದರಲ್ಲಿ. ಏಕನಾಮದ ಕವಿಗಳಿಬ್ಬರನ್ನು ಒಬ್ಬನೆಂದು ಭಾವಿಸಿ ಅವನ ಕಾಲಕ್ಕಾಗಿ ವಾದಿಸುವ ಸಾಹಿತ್ಯವಿಮರ್ಶಕರಿಗೂ ಈ ವೃತ್ತಾಂತವು ಮನನೀಯವಾದುದು: ಕಾಲನಿರ್ಣಯಕ್ಕೆ ಮುಂಚೆ ವಸ್ತುನಿರ್ಣಯವು ಆಗತಕ್ಕದ್ದು.