ರಬ್ಬರ್ ತೋಟದ ಕಪ್ಪು ಹುಳ ಮನೆಗೆ ಯಾಕೆ ನುಗ್ಗುತ್ತೆ?

ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ರೆ ಸಾಕು, ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಗೆಳೆಯರು ವಾಟ್ಸಾಪ್‌ನಲ್ಲಿ ಒಂದೇ ಥರದ ಫೋಟೋ ಕಳಿಸ್ತಾರೆ. ಹಂಚಿನಡಿ, ಪಕ್ಕಾಸಿನ ಸಂದಿ, ಗೋಡೆ ಮೂಲೆ ತುಂಬಾ ಕಪ್ಪು ಹುಳ. ಪ್ರಶ್ನೆಯೂ ಒಂದೇ: "ಅಣ್ಣಾ, ಯಾವ ಔಷಧಿ ಹೊಡೀಲಿ?"

ಔಷಧಿಗೆ ಮೊದಲು ಹುಳದ ಪರಿಚಯ ಮಾಡ್ಕೊಳ್ಳೋಣ. ಇದು ಲುಪ್ರಾಪ್ಸ್ ಟ್ರಿಸ್ಟಿಸ್ ಎಂಬ ದುಂಬಿ. ಕೇರಳದಲ್ಲಿ ತ್ರಿಶೂರು ಜಿಲ್ಲೆಯ ಮುಪ್ಲಿಯಂ ಊರಿನ ಹೆಸರಲ್ಲಿ ಮುಪ್ಲಿ ವಂಡು ಅಂತಾರೆ. ಹಗಲು ತರಗೆಲೆಯಡಿ ಅಡಗಿದ್ದು, ರಾತ್ರಿ ಓಡಾಡುತ್ತೆ.

ರಬ್ಬರ್ ಮರ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಎಲೆ ಉದುರಿಸುತ್ತೆ. ಆ ತರಗೆಲೆಯಲ್ಲೇ ಇದರ ಮೊಟ್ಟೆ, ಮರಿಹುಳ, ಕೋಶ ಎಲ್ಲಾ. ಹಣ್ಣೆಲೆಗಿಂತ ಅವಧಿಗೆ ಮುಂಚೆ ಬಿದ್ದ ಎಳೆ ಎಲೆ ಇದಕ್ಕೆ ಇಷ್ಟ. ಬೇಸಿಗೆ ಮಳೆಗೆ ತರಗೆಲೆ ನೆನೆದಾಗ, ಒಣ, ಕತ್ತಲೆ ಜಾಗ ಹುಡುಕಿ ಸಂಜೆ ಹಾರುತ್ತೆ. ದೀಪ ಕಂಡಲ್ಲಿ ಇಳಿಯುತ್ತೆ. ಒಂದೊಂದು ಮನೆಯಲ್ಲಿ ಲಕ್ಷಗಟ್ಟಲೆ! ಆಮೇಲೆ ಮುಂದಿನ ಎಲೆ ಉದುರುವವರೆಗೆ, ಎಂಟು ತಿಂಗಳಿಗೂ ಹೆಚ್ಚು ಕಾಲ ಸುಪ್ತಾವಸ್ಥೆ.

ಈ ಹುಳ ಕಚ್ಚಲ್ಲ. ಆದ್ರೆ ಒತ್ತಿದ್ರೆ ವಾಸನೆಯ ದ್ರವ ಬಿಡುತ್ತೆ, ಅದು ತಾಗಿದ ಚರ್ಮ ಉರಿದು ಬೊಕ್ಕೆ ಏಳಬಹುದು. ಹಾಸಿಗೆಯಲ್ಲಿ ಮಲಗುವ ಮಕ್ಕಳಿಗೆ ತೊಂದರೆ ಜಾಸ್ತಿ.

ತೋಟಗಾರಿಕೆ ಓದಿದವನಾಗಿ ಹೇಳ್ತೀನಿ, ತೋಟದ ಕೀಟನಾಶಕವನ್ನು ಮನೆಯ ಮಾಡಿಗೆ ಹೊಡೀಬೇಡಿ. ಸತ್ತ ಹುಳ, ವಿಷ ಎರಡೂ ಅನ್ನದ ಪಾತ್ರೆಗೆ ಬೀಳುತ್ತೆ. ನಾಳೆ ಸಂಜೆ ತೋಟದಿಂದ ಹೊಸ ಹಿಂಡು ಬಂದೇ ಬರುತ್ತೆ.

ಮಾಡಬೇಕಾದ್ದು ಇಷ್ಟು:

1. ಮಳೆಗೆ ಮುಂಚೆಯೇ ಮನೆ ಹತ್ತಿರದ ರಬ್ಬರ್ ಎಲೆ ಗುಡಿಸಿ, ಸಗಣಿ ನೀರು ಹಾಕಿ ದೂರದಲ್ಲಿ ಗೊಬ್ಬರದ ರಾಶಿ ಮಾಡಿ. ರಾಶಿ ಚೆನ್ನಾಗಿ ಬಿಸಿಯೇರಿದ್ರೆ ಮರಿಹುಳ ಉಳಿಯಲ್ಲ. ಬೆಂಕಿ ಹಾಕಬೇಡಿ, ಮಣ್ಣಿಗೆ ಸೇರಬೇಕಾದ ಸಾರ ಬೂದಿಯಾಗುತ್ತೆ.

2. ಹೊಸ ಚಿಗುರಿಗೆ ಬೂದಿ ರೋಗ ಬಂದ್ರೆ ಎಳೆ ಎಲೆ ಉದುರುತ್ತೆ, ಹುಳಕ್ಕೆ ಹಬ್ಬ. ಚಿಗುರುವಾಗಲೇ ಬೆಳಗಿನ ಜಾವ ಗಂಧಕದ ಪುಡಿ ಹಾರಿಸಿ. ಸಾವಯವದಲ್ಲೂ ಇದಕ್ಕೆ ಅವಕಾಶ ಇದೆ.

3. ಹುಳ ಹಾರುವ ದಿನಗಳಲ್ಲಿ ಕತ್ತಲಾಗುವ ಹೊತ್ತಿಗೆ ಜಗಲಿ ದೀಪ ಆರಿಸಿ. ಮನೆಯಿಂದ ದೂರ ಒಂದು ಬಲ್ಬ್ ಹಚ್ಚಿ, ಕೆಳಗೆ ಸೋಪು ನೀರಿನ ಅಗಲದ ಪಾತ್ರೆ ಇಡಿ.

4. ಒಳಗೆ ಬಂದವನ್ನು ತುಳಿಯದೆ, ಕೈಯಲ್ಲಿ ಹಿಸುಕದೆ ಗುಡಿಸಿ ಸೋಪು ನೀರಿಗೆ ಹಾಕಿ. ದ್ರವ ತಾಗಿದ್ರೆ ತಕ್ಷಣ ಸೋಪು ಹಚ್ಚಿ ತೊಳೀರಿ, ಕಣ್ಣಿಗೆ ಬಿದ್ರೆ ಬರೀ ನೀರಲ್ಲಿ ತೊಳೆದು ಡಾಕ್ಟರ್ ಹತ್ರ ಹೋಗಿ.

ಈಗಲೇ ಮೊಬೈಲ್‌ನಲ್ಲಿ ಫೆಬ್ರವರಿ ಕೊನೆಗೆ ಒಂದು ರಿಮೈಂಡರ್ ಇಟ್ಟುಬಿಡಿ: "ಮನೆ ಸುತ್ತಲಿನ ರಬ್ಬರ್ ಎಲೆ ಗುಡಿಸೋದು." ಅಕ್ಕಪಕ್ಕದ ತೋಟದವರಿಗೂ ಹೇಳಿ, ಅವರ ತೋಟದ ಹುಳಕ್ಕೂ ನಿಮ್ಮ ಮನೆ ದೀಪ ಕಾಣುತ್ತೆ.