ಮಂಡಿ ಸವೆದಿದೆ, ಹಾಗಂತ ಕೂತುಬಿಡಬೇಕೆ?

ಐವತ್ತು ದಾಟಿದವರ ಮಂಡಿನೋವಿಗೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಪದ ‘ಸವೆತ’. ಆಸ್ಟಿಯೋಆರ್ಥ್ರೈಟಿಸ್ ಎಂಬ ಉದ್ದನೆಯ ಹೆಸರನ್ನು ಅದು ಮೂರೇ ಅಕ್ಷರದಲ್ಲಿ ಮುಗಿಸುತ್ತದೆ, ಜೊತೆಗೆ ಒಂದು ತಪ್ಪು ಲೆಕ್ಕವನ್ನೂ ತಲೆಗೆ ಹಾಕುತ್ತದೆ. ಸವೆಯುವುದು ಚಪ್ಪಲಿಯ ಅಟ್ಟೆ, ಸ್ಕೂಟರಿನ ಟೈರು, ರುಬ್ಬುಗುಂಡು. ಕಡಿಮೆ ಬಳಸಿದಷ್ಟೂ ಅವು ಹೆಚ್ಚು ಕಾಲ ಬಾಳುತ್ತವೆ. ಮಂಡಿಯನ್ನೂ ಇದೇ ಸಾಲಿಗೆ ಸೇರಿಸಿದ ಮೇಲೆ ಉಳಿದ ಬುದ್ಧಿಮಾತು ತಾನಾಗಿಯೇ ಬರುತ್ತದೆ: ವಾಕಿಂಗ್ ನಿಲ್ಲಿಸು, ಮಹಡಿ ಹತ್ತಬೇಡ, ಇದ್ದಷ್ಟನ್ನು ಉಳಿಸಿಕೋ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಕಾಯಿಲೆ ಗೊತ್ತಾದ ಮೇಲೆ ಬದಲಾಗಬೇಕಾದದ್ದು ವ್ಯಾಯಾಮದ ಪ್ರಮಾಣ ಮತ್ತು ನೋವನ್ನು ಅಳೆಯುವ ರೀತಿ. ವ್ಯಾಯಾಮವನ್ನೇ ಬಿಟ್ಟರೆ ಮಂಡಿಗೆ ಉಳಿತಾಯವೇನೂ ಆಗುವುದಿಲ್ಲ.

ಟೈರಿಗೆ ಜೀವವಿಲ್ಲ, ಮಂಡಿಗಿದೆ. ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಹಿಂಡಿ, ಎತ್ತಿದಾಗ ಉಬ್ಬುವ ಸ್ಪಂಜಿನ ಹಾಗೆ, ಕೀಲಿನೊಳಗಿನ ದ್ರವದಿಂದಲೇ ಅದು ಪೋಷಣೆ ಹೀರಿಕೊಳ್ಳಬೇಕು. ಸ್ವೀಡನ್ನಿನ ಎವಾ ರೂಸ್ ಮತ್ತು ಲೀಫ್ ಡಾಲ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್‌ನ ಆಪರೇಷನ್ ಆಗಿದ್ದ 45 ಮಂದಿ ಇದ್ದರು. ನಾಲ್ಕು ತಿಂಗಳು ವ್ಯಾಯಾಮ ಮಾಡಿದ ಗುಂಪಿನಲ್ಲಿ ಮೃದ್ವಸ್ಥಿಯ ಗುಣ ಸುಧಾರಿಸಿದ್ದು ಎಂಆರ್‌ಐನಲ್ಲಿ ಕಂಡಿತು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ ಸೊಂಟ ಅಥವಾ ಮಂಡಿಯ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಕೂತೇ ಇರುವವರಲ್ಲಿ ಶೇ. 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3. ಮಂಡಿ ಗಟ್ಟಿಯಿದ್ದವರೇ ತಾನೇ ಓಡುವುದು ಎಂದು ಯಾರಾದರೂ ಕೇಳಿದರೆ, ಹೌದು, ಅದೂ ಒಂದು ಕಾರಣವಿರಬಹುದು. ಆದರೆ ಬಳಸಿದಷ್ಟೂ ಸವೆಯುವುದೇ ನಿಯಮವಾಗಿದ್ದರೆ ಕೂತವರ ಅಂಕಿ ಮೂರರಲ್ಲಿ ಕಡಿಮೆಯದಾಗಬೇಕಿತ್ತು. ಮೂರನೆಯ ಅಂಕಿಯನ್ನೂ ಮರೆಯುವ ಹಾಗಿಲ್ಲ, ಅತಿಯಾದರೆ ಕೇಡು ಎಂಬುದೂ ಇದೇ ಲೆಕ್ಕದಲ್ಲಿದೆ.

ಹಾಗಾಗಿ ಪ್ರಮಾಣದ ಮಾತು. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೆ ಸೆನ್ಸರ್ ಕೂರಿಸಿ ಅಳೆದಾಗ, ಸಮತಟ್ಟಿನಲ್ಲಿ ನಡೆಯುವಾಗ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಕೀಲಿನ ಮೇಲೆ ಬೀಳುವುದು ತಿಳಿಯಿತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದು ಮನೆಯ ಹಿರಿಯರು ಗೊಣಗುವುದು ಸುಮ್ಮನೆ ಅಲ್ಲ. ಹಾಗಾದರೆ ಎಷ್ಟು ಮಾಡಬಹುದು? ಇದಕ್ಕೆ ಫಿಸಿಯೋಥೆರಪಿಸ್ಟರು ಬಳಸುವ ಒಂದು ಅಳತೆಗೋಲಿದೆ. ಸ್ವೀಡನ್ನಿನ ರೋಲಂಡ್ ಥೊಮೆ 1997ರಲ್ಲಿ ಮಂಡಿಚಿಪ್ಪಿನ ನೋವಿದ್ದ ಯುವತಿಯರಿಗಾಗಿ ಹೇಳಿದ್ದು ಈಗ ಸವೆತದವರಿಗೂ ಬಂದಿದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿಗೆ ಎರಡರವರೆಗೆ ನಿಶ್ಚಿಂತೆ, ಐದರವರೆಗೆ ಸಹಿಸಬಹುದು, ಮೀರಿದರೆ ಇಳಿಸಬೇಕು. ಇನ್ನೊಂದು ಷರತ್ತು, ಮರುದಿನ ಬೆಳಗಿನ ಹೊತ್ತಿಗೆ ನೋವು ಮೊದಲಿದ್ದಲ್ಲಿಗೆ ವಾಪಸ್ಸಾಗಿರಬೇಕು. ಆಗದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು, ಇವತ್ತು ಕಡಿಮೆ ಮಾಡಿ. ‘ನೋವು ಬಂತೆಂದರೆ ಒಳಗೆ ಏನೋ ಹಾಳಾಯಿತು’ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಕಾಣುವುದಿಲ್ಲ.

ಒಂದೇ ಒಂದು ವ್ಯಾಯಾಮವನ್ನು ಹತ್ತಿರದಿಂದ ನೋಡೋಣ, ಕುರ್ಚಿಯಿಂದ ಏಳುವುದು. ಊಟದ ಮೇಜಿನ ಕುರ್ಚಿ ಸಾಕು, ಜಾರದಂತೆ ಗೋಡೆಗೆ ಒತ್ತಿಡಬೇಕು. ಮೊದಲ ವಾರ ಅದರ ಮೇಲೆ ಒಂದು ಗಟ್ಟಿ ದಿಂಬು, ಏಕೆಂದರೆ ಆಸನ ಎತ್ತರವಾದಷ್ಟೂ ಮಂಡಿಯ ಕೆಲಸ ಹಗುರ. ಪಾದಗಳು ಸೊಂಟದಗಲಕ್ಕೆ, ಮಂಡಿಗಳು ಒಳಕ್ಕೆ ಬಾಗದೆ ಪಾದದ ಬೆರಳುಗಳ ನೇರಕ್ಕೆ. ಮುಂದೆ ಬಾಗಿ ಎದ್ದು ನಿಂತ ಮೇಲೆ ಅಸಲಿ ಕೆಲಸ ಶುರು: ದೊಪ್ಪನೆ ಬೀಳದೆ, ಒಂದು, ಎರಡು, ಮೂರು ಎಣಿಸುತ್ತ ಕೂರಬೇಕು. ತೊಡೆಯ ಮುಂಭಾಗ ನಡುಗುವುದು ಆಗಲೇ. ಕೀಲು ಊದಿಕೊಂಡಾಗ ನರಮಂಡಲ ಈ ಸ್ನಾಯುವಿಗೆ ಕಳಿಸುವ ಸಂದೇಶವನ್ನೇ ತಗ್ಗಿಸುತ್ತದೆ. ಸ್ನಾಯು ಬಡವಾದರೆ ಕೀಲಿಗೆ ಆಸರೆ ಕಡಿಮೆ, ಆಸರೆ ಕಡಿಮೆಯಾದರೆ ನೋವು ಜಾಸ್ತಿ. ಎಂಟು ಸಲ ಸಲೀಸಾಗಿ ಆದ ದಿನ ದಿಂಬು ತೆಗೆಯಿರಿ.

ಇಲ್ಲೊಂದು ತಕರಾರು ಬರುತ್ತದೆ: ನಾವು ವರ್ಷಗಟ್ಟಲೆ ಸೂರ್ಯನಮಸ್ಕಾರ, ವಜ್ರಾಸನ ಮಾಡಿಕೊಂಡು ಬಂದವರು, ಈಗ ಕುರ್ಚಿಯ ಮೇಲೆ ಮಕ್ಕಳಾಟವೇ? ಮಂಡಿ ಪೂರ್ತಿ ಮಡಿಸುವ ಆಸನಗಳು ಸವೆದ ಕೀಲಿಗೆ ದುಬಾರಿ, ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುವುದೂ ಅಷ್ಟೇ. ಅದಕ್ಕಾಗಿ ಯೋಗವನ್ನೇ ಬಿಡಬೇಕಿಲ್ಲ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಕಂಬಳಿಗಳನ್ನು ಆಸನದೊಳಕ್ಕೇ ತಂದವರು. ದೇಹ ಆಸನಕ್ಕೆ ಬಗ್ಗದಿದ್ದರೆ ಆಸನವೇ ದೇಹದ ಬಳಿ ಬರಲಿ ಎಂಬ ಆ ಧೋರಣೆ ಸಂಧಿವಾತದವರಿಗೆ ಹೇಳಿ ಮಾಡಿಸಿದಂತಿದೆ. ಊರುಗೋಲು ಹಿಡಿಯಲು ನಾಚುವವರಿಗೂ ಇದನ್ನೇ ಹೇಳಬೇಕು. ಅಂದಹಾಗೆ ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಬಹಳ ಜನ ಹಿಡಿಯುವುದು ತಿರುಗಮುರುಗ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಂಶೋಧನೆಯ ಒಳಗಿನಿಂದಲೇ ಬಂದಿದೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಎಂಬ ಶಿಕ್ಷಣ ಮತ್ತು ವ್ಯಾಯಾಮದ ಕಾರ್ಯಕ್ರಮವನ್ನು, ಬರೀ ಉಪ್ಪುನೀರು ಎಂದು ಹೇಳಿಯೇ ಕೊಟ್ಟ ಇಂಜೆಕ್ಷನ್ನಿನ ಜೊತೆ ಅದೇ ದೇಶದಲ್ಲಿ ಹೋಲಿಸಿ ನೋಡಿದರು. ಸುಮಾರು ಇನ್ನೂರು ಮಂದಿಯಲ್ಲಿ ಎರಡೂ ಗುಂಪಿನ ನೋವು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯಿತು. ಅಮೆರಿಕದಲ್ಲಿ 377 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಭಾರೀ ತೂಕ ಎತ್ತಿದವರಿಗೂ ಹಗುರ ತೂಕ ಎತ್ತಿದವರಿಗೂ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವ್ಯಾಯಾಮದಿಂದ ಮಂಡಿ ಹೊಸದಾಗುತ್ತದೆ ಎನ್ನುವವರನ್ನು ನಂಬಬೇಡಿ. ನೋವಿನ ಮೇಲೆ ಅದರ ಪರಿಣಾಮ ಸಾಧಾರಣ. ಆದರೆ ಇದೇ ಸಾಕ್ಷ್ಯವನ್ನು ತಿರುಗಿಸಿ ಓದಿದರೆ, ಭಾರ ಎತ್ತಿದವರ ನೋವು ಉಳಿದವರಿಗಿಂತ ಹೆಚ್ಚಲಿಲ್ಲ ಎಂಬುದೂ ಅಲ್ಲೇ ಇದೆ. ಇಂಜೆಕ್ಷನ್ ತೊಡೆಯನ್ನು ಗಟ್ಟಿ ಮಾಡುವುದಿಲ್ಲ, ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ನೆರವಾಗುವುದಿಲ್ಲ. ಇವೆರಡೂ ಈ ವಯಸ್ಸಿನಲ್ಲಿ ಮಂಡಿನೋವಿನ ಜೊತೆಜೊತೆಗೇ ಬರುವ ನೆಂಟರು.

ರುಮಟಾಯ್ಡ್ ಸಂಧಿವಾತದ ಕಥೆ ಸ್ವಲ್ಪ ಬೇರೆ. ಅಲ್ಲಿ ದೇಹವೇ ತನ್ನ ಕೀಲಿನ ಮೇಲೆ ದಾಳಿ ಮಾಡುತ್ತದೆ. ಬೆಳಗಿನ ಬಿಗಿತ ಸವೆತದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಟ್ಟರೆ, ಇದರಲ್ಲಿ ಗಂಟೆ ಮೀರುವುದುಂಟು. ಔಷಧದಿಂದ ಉರಿಯೂತ ಹತೋಟಿಗೆ ಬರುವುದು ಮೊದಲು, ವ್ಯಾಯಾಮ ಆಮೇಲೆ. ಯಾವುದೇ ಬಗೆಯಲ್ಲಾದರೂ ಕೀಲು ಬಿಸಿಯಾಗಿ, ಊದಿ, ಕೆಂಪೇರಿದ ದಿನ ಕುರ್ಚಿಯೂ ಬೇಡ, ಮೆಟ್ಟಿಲೂ ಬೇಡ, ಜೊತೆಗೆ ಜ್ವರವಿದ್ದರೆ ಅಂದೇ ಡಾಕ್ಟರ ಬಳಿಗೆ. ಜ್ವರವಿಲ್ಲದಿದ್ದರೆ ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಐದು ಎಣಿಸುವವರೆಗೆ ಅದನ್ನು ಮೆಲ್ಲಗೆ ಒತ್ತಿ ಬಿಡುವುದು. ಅವತ್ತಿಗೆ ಅಷ್ಟು ಸಾಕು.